ನೂರು ಡಾಲರಿನ ಡೈನಿಂಗ್ ಟೇಬಲ್

ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಮುಂದೆ ಕೂತರೆ ಈಚೆಗೆ ನನಗೆ ಏನೋ ಕಸಿವಿಸಿ ಎಂದರೆ ಹೆಂಡತಿ ನಗುತ್ತಾಳೆ. ಆರು ಜನ ಕೂರುವ, ಗಟ್ಟಿ ಮರದ ಟೇಬಲ್ಲು. ಎರಡು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಒಂದು ಅಪಾರ್ಟ್‌ಮೆಂಟಿನಿಂದ ಹೊತ್ತು ತಂದದ್ದು. ಮಾರಿದವನು ದಾವಣಗೆರೆ ಕಡೆಯ ಹುಡುಗ, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಪರಿಚಯವಾದವನು. ಅವನ ಕೆಲಸ ಹೋಗಿತ್ತು. ಎಚ್-1ಬಿ ಎಂಬ ಕೆಲಸದ ವೀಸಾದ ಲೆಕ್ಕ ಗೊತ್ತಲ್ಲ, ಅರವತ್ತು ದಿನ. ಅಷ್ಟರಲ್ಲಿ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನಲವತ್ತು ದಿನ ಇಂಟರ್‌ವ್ಯೂಗಳಲ್ಲಿ ಕಳೆದುಹೋಗಿ, ಮಿಕ್ಕ ದಿನಗಳಲ್ಲಿ ಮನೆ ಖಾಲಿ ಮಾಡಲು ಕೂತಿದ್ದ. ವಾಟ್ಸಾಪ್ ಗುಂಪಿನಲ್ಲಿ ಟಿವಿ, ಸೋಫಾ, ಮಗುವಿನ ಸೈಕಲ್ಲು, ಎಲ್ಲದರ ಫೋಟೋ ಸಾಲಾಗಿ ಬಂದಿತ್ತು, ಕೆಳಗೆ ಬೆಲೆ.

"ಅಂಗಡೀಲಿ ಒಂಬೈನೂರು ಡಾಲರ್ ಸರ್ ಇದು. ನೀವು ನೂರೈವತ್ತು ಕೊಡಿ ಸಾಕು" ಅಂದ.

"ನೂರು ಮಾಡ್ಕೋ ಮಾರಾಯ" ಅಂದೆ ನಾನು. ಐವತ್ತು ಡಾಲರ್ ನನಗೆ ಹೊರೆಯಾಗಿತ್ತು ಅಂತಲ್ಲ. ಕೇಳಿದ ಬೆಲೆಗೆ ಕೊಂಡರೆ ನಮ್ಮೂರಿನ ಸಂತೆಗೆ ಅವಮಾನ ಎನ್ನುವ ಹಾಗೆ ಬಾಯಿಗೆ ತಾನಾಗಿ ಬಂದ ಚೌಕಾಶಿ ಅದು. ಅವನು ಒಂದು ಗಳಿಗೆ ಟೇಬಲ್ಲನ್ನೇ ನೋಡಿ "ಆಯ್ತು ಸರ್, ಇವತ್ತೇ ತಗೊಂಡು ಹೋಗ್ತೀರಾ?" ಅಂದ. ಅವನ ಹೆಂಡತಿ ಒಳಗಿನಿಂದ ತುಳಸಿ ಕುಂಡ ತಂದು ನನ್ನ ಹೆಂಡತಿಯ ಕೈಯಲ್ಲಿಟ್ಟಳು. "ಇದಕ್ಕೆ ದುಡ್ಡು ಬೇಡ ಅಕ್ಕಾ. ಚಳಿಗಾಲದಲ್ಲಿ ಒಳಗಿಡಿ, ಇಲ್ಲಾಂದ್ರೆ ಉಳಿಯಲ್ಲ." ವಾಪಸ್ಸು ಬರುವಾಗ ನಾನು ಕಾರಿನಲ್ಲಿ ಖುಷಿಯಾಗಿದ್ದೆ. ಒಂಬೈನೂರರ ಮಾಲು ನೂರಕ್ಕೆ ಎಂದು ಮೂರು ಜನಕ್ಕಾದರೂ ಹೇಳಿಕೊಂಡೆ.

ತುಳಸಿ ಆ ಡಿಸೆಂಬರಿನಲ್ಲೇ ಹೋಯಿತು. ಟೇಬಲ್ಲು ಮಾತ್ರ ಕಲ್ಲುಗುಂಡಿನ ಹಾಗಿದೆ.

ಇಷ್ಟಕ್ಕೆ ಯಾರಾದರೂ ಕಸಿವಿಸಿ ಪಡುತ್ತಾರೆಯೇ? ನಾನೂ ಪಟ್ಟಿರಲಿಲ್ಲ. ಕಳೆದ ಜೂನಿನಲ್ಲಿ ಮ್ಯಾಮತ್ ಲೇಕ್ಸ್‌ಗೆ ಹೋದವರು 395ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದು, ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಮ್ಯಾಂಜನಾರ್ ಶಿಬಿರ ನೋಡಿ ಬಂದೆವು. ಅಲ್ಲಿಂದ ಶುರುವಾದದ್ದು ಇದು.

ಗಾಳಿಯ ಊರು

ಇಂಡಿಪೆಂಡೆನ್ಸ್ ಮತ್ತು ಲೋನ್ ಪೈನ್ ಎಂಬ ಎರಡು ಪುಟ್ಟ ಊರುಗಳ ನಡುವೆ, ಒಂದು ಪಕ್ಕಕ್ಕೆ ಸಿಯೆರಾ ನೆವಾಡಾದ ಗೋಡೆಯಂಥ ಬೆಟ್ಟಸಾಲು, ಇನ್ನೊಂದು ಪಕ್ಕಕ್ಕೆ ಬೋಳು ಗುಡ್ಡ. ಮಧ್ಯೆ ಬಯಲು. ಕಾರಿನ ಬಾಗಿಲು ತೆಗೆದರೆ ಗಾಳಿ ಅದನ್ನು ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಮ್ಯಾಂಜನಾರ್ ಎಂದರೆ ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ. ತೋಟ ಇದ್ದದ್ದೂ ನಿಜ. ನೀರನ್ನು ಲಾಸ್ ಏಂಜಲೀಸ್ ನಗರ ಕೊಂಡುಕೊಂಡ ಮೇಲೆ ಊರು ಒಣಗಿತು. ಅದಕ್ಕೂ ಮುಂಚೆ ಇಲ್ಲಿದ್ದ ಪಯೂಟ್ ಎಂಬ ಮೂಲನಿವಾಸಿ ಜನರನ್ನು 1863ರಲ್ಲಿ ಸೈನ್ಯ ಹೊರದಬ್ಬಿತ್ತು. ಕೆಲವು ಜಾಗಗಳಿಗೆ ಒಕ್ಕಲೆಬ್ಬಿಸುವುದು ಅಭ್ಯಾಸವಾಗಿಬಿಡುತ್ತದೆ ಅನ್ನಿಸಿತು.

ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ದಾಳಿ, ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿ 19ರಂದು ಸಹಿ ಹಾಕಿದ 9066ನೇ ಆದೇಶ, ಇವೆಲ್ಲ ನಿಮಗೆ ಗೊತ್ತಿರುವುದೇ. ಪಶ್ಚಿಮ ಕರಾವಳಿಯಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಎಬ್ಬಿಸಿ ಹತ್ತು ಶಿಬಿರಗಳಿಗೆ ತುಂಬಿದರು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಮ್ಯಾಂಜನಾರ್‌ನಲ್ಲಿ ಒಂದು ಹಂತದಲ್ಲಿ ಹತ್ತು ಸಾವಿರಕ್ಕೂ ಮೇಲೆ ಜನರಿದ್ದರು. ಈಗ ಅಲ್ಲಿ ಉಳಿದಿರುವುದು ಅವರೇ ಕಟ್ಟಿದ ಸಭಾಂಗಣ, ಒಂದಷ್ಟು ಕಾಂಕ್ರೀಟ್ ಅಡಿಪಾಯ, ಮುಳ್ಳು ಗಿಡಗಳ ನಡುವೆ ಬತ್ತಿದ ಕೊಳಗಳು. ನೋಡುವವರಿಗೆಂದು ಒಂದೆರಡು ಬ್ಯಾರಕ್ಕು, ಒಂದು ಕಾವಲು ಗೋಪುರವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ.

ಬ್ಯಾರಕ್ಕಿನೊಳಗೆ ನನ್ನ ಮಗಳು, ಹನ್ನೊಂದು ವರ್ಷ, ಹಲಗೆಯ ಗಂಟು ಕಳಚಿದ ತೂತಿಗೆ ಬೆರಳು ತೂರಿಸಿ ಹೊರಗಿನ ಗಾಳಿ ಮುಟ್ಟಿ ನೋಡುತ್ತಿದ್ದಳು. ಆ ತೂತುಗಳಿಂದಲೇ ಧೂಳು ನುಗ್ಗಿ ಬೆಳಗಾಗುವುದರೊಳಗೆ ಹಾಸಿಗೆಯನ್ನೆಲ್ಲ ಮುಚ್ಚುತ್ತಿತ್ತಂತೆ. ಹಾಸಿಗೆ ಎಂದರೂ ಅವರೇ ಚೀಲಕ್ಕೆ ಹುಲ್ಲು ತುಂಬಿ ಮಾಡಿಕೊಂಡದ್ದು. ಹೆಂಗಸರ ಕಕ್ಕಸಿನಲ್ಲಿ ಅಡ್ಡಗೋಡೆಯೇ ಇರಲಿಲ್ಲ. ನಡುರಾತ್ರಿ ಯಾರೂ ಇರಲಾರರು ಎಂದು ಎದ್ದು ಹೋದರೆ ಅಲ್ಲಿ ಅದೇ ಯೋಚನೆಯ ಇನ್ನಷ್ಟು ಹೆಂಗಸರು ನಿಂತಿರುತ್ತಿದ್ದರು. ನನ್ನ ಹೆಂಡತಿ ಫಲಕದಲ್ಲಿ ಈ ಭಾಗವನ್ನು ಎರಡು ಸಲ ಓದಿ ಏನೂ ಹೇಳದೆ ಮುಂದಕ್ಕೆ ಹೋದಳು.

ಎಲ್ಲರ ಮನಸ್ಸಿನಲ್ಲಿ ನಿಲ್ಲುವುದು ಮುಳ್ಳುತಂತಿ, ಗೋಪುರ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರಿಗೆ ಕೊಟ್ಟ ನೋಟೀಸಿನ ಒಂದು ಚಿಕ್ಕ ಮಾತು: ಕೈಯಲ್ಲಿ ಹೊರಲು ಆಗುವಷ್ಟನ್ನು ಮಾತ್ರ ತರಬಹುದು. ಹಾಸು ಹೊದಿಕೆ, ಬಟ್ಟೆ, ತಟ್ಟೆ ಲೋಟ. ನಾಯಿ ಬೆಕ್ಕು ಕೂಡದು. ಎರಡು ಸೂಟ್‌ಕೇಸು, ಒಂದೊಂದರಲ್ಲಿ 23 ಕಿಲೋ, ಮೇಲೆ ಉಪ್ಪಿನಕಾಯಿ ಡಬ್ಬಿ ಹೀಗೆ ಬಂದವನು ನಾನು. ಹೊರುವಷ್ಟು ಎಂದರೆ ಎಷ್ಟು ಎನ್ನುವುದು ನನ್ನ ತೋಳಿಗೆ ಗೊತ್ತಿದೆ. ಹಾಗಾದರೆ ಮಿಕ್ಕದ್ದೆಲ್ಲ ಎಲ್ಲಿಗೆ ಹೋಯಿತು?

ಹದಿನೇಳೂವರೆ ಡಾಲರ್

ಮಿಕ್ಕದ್ದು ನೆರೆಹೊರೆಯವರ ಮನೆಗೆ ಹೋಯಿತು.

ಮನೆಗೆ ಬಂದಮೇಲೆ ವಾರಗಟ್ಟಲೆ ಇದನ್ನೇ ಓದಿದೆ. ಅಷ್ಟು ಅಗ್ಗಕ್ಕೆ ಹೇಗೆ ಹೋಯಿತು ಎನ್ನುವುದು ಬಿಡಿಬಿಡಿಯಾಗಿ ತಿಳಿಯುತ್ತಾ ಬಂತು. ಪರ್ಲ್ ಹಾರ್ಬರಿನ ದಿನವೇ ಎಫ್‌ಬಿಐನವರು ಮನೆಮನೆಗೆ ಬಂದು ಸಮುದಾಯದ ಹಿರಿಯ ಗಂಡಸರನ್ನು, ಅಂದರೆ ಪುರೋಹಿತರು, ಜಪಾನಿ ಭಾಷೆಯ ಮೇಷ್ಟರು, ಸಂಘದ ಮುಖಂಡರನ್ನು, ಹಿಡಿದುಕೊಂಡು ಹೋಗಲು ಶುರುಮಾಡಿದ್ದರು. ಮೊದಲ ತಲೆಮಾರಿನವರ ಬ್ಯಾಂಕಿನ ದುಡ್ಡಿಗೆ ತಡೆ ಬಿತ್ತು. ಮಾರ್ಚಿಗೆ ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಕರ್ಫ್ಯೂ, ಹಗಲಲ್ಲಿ ಮನೆಯಿಂದ ಐದು ಮೈಲಿ ದಾಟುವಂತಿಲ್ಲ. ಆಮೇಲೆ ಕಂಬಕ್ಕೆ ನೋಟೀಸು, ಕೈಯಲ್ಲಿ ಏಳೆಂಟು ದಿನ. ಈಗ ವ್ಯಾಪಾರದ ಕಣ್ಣಿನಿಂದ ನೋಡಿ. ಮಾರುವವರ ಕೈಯಲ್ಲಿ ಕಾಸಿಲ್ಲ, ಮನೆಯ ಯಜಮಾನ ಎಲ್ಲಿದ್ದಾನೋ ತಿಳಿಯದು, ದೂರದ ಪೇಟೆಗೆ ಒಯ್ದು ಒಳ್ಳೆ ಬೆಲೆ ಕೇಳೋಣವೆಂದರೆ ಐದು ಮೈಲಿಯ ಗೆರೆ, ಕಾಯೋಣವೆಂದರೆ ದಿನಾಂಕ ಗೊತ್ತಾಗಿದೆ. ಕೊಳ್ಳುವವನಿಗೂ ಆ ದಿನಾಂಕ ಗೊತ್ತು. ಅವನು ಏನೂ ಮಾಡಬೇಕಿಲ್ಲ, ಕಾದರೆ ಸಾಕು. ಸೋಮವಾರ ಹತ್ತು ಡಾಲರಿದ್ದ ಫ್ರಿಜ್ಜು ಗುರುವಾರ ಐದಕ್ಕೆ ಬರುತ್ತದೆ.

ಇದರಲ್ಲಿ ತೀರಾ ಕ್ರೂರವಾದದ್ದು ಲಾಸ್ ಏಂಜಲೀಸ್ ಬಂದರಿನ ಟರ್ಮಿನಲ್ ಐಲ್ಯಾಂಡಿನ ಕತೆ. ಅಲ್ಲಿ ಮೀನುಗಾರರು, ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸರು, ಹೀಗೆ ಸುಮಾರು 3,000 ಜಪಾನಿಯರಿದ್ದರು. ಫೆಬ್ರವರಿ ಕೊನೆಯಲ್ಲಿ ನೌಕಾಪಡೆ ಅವರಿಗೆ ಕೊಟ್ಟದ್ದು 48 ಗಂಟೆ. ಹಳೇ ಸಾಮಾನಿನ ವ್ಯಾಪಾರಿಗಳು ಲಾರಿಗಳೊಂದಿಗೆ ಬೀದಿಗೇ ಬಂದು ನಿಂತರು. ಆಗ ಏಳು ವರ್ಷದವಳಾಗಿದ್ದ ಜೀನ್ ವಾಕಾತ್ಸುಕಿ, ಮುಂದೆ ಮ್ಯಾಂಜನಾರ್‌ನಲ್ಲೇ ಬೆಳೆದವಳು, ದೊಡ್ಡವಳಾದ ಮೇಲೆ ತನ್ನ ಅಮ್ಮನ ಬಗ್ಗೆ ಬರೆದಿದ್ದಾಳೆ. ಅಮ್ಮನ ಹತ್ತಿರ ನೀಲಿ-ಬಿಳಿ ಪಿಂಗಾಣಿ ಪಾತ್ರೆಗಳಿದ್ದವು, ಏನಿಲ್ಲವೆಂದರೂ ಇನ್ನೂರು ಡಾಲರ್ ಬಾಳುವಂಥವು. ವ್ಯಾಪಾರಿ ಹದಿನೈದು ಎಂದ. ಆಕೆ ಮಾತಾಡಲಿಲ್ಲ. ಹದಿನೇಳೂವರೆ ಎಂದ. ಆಕೆ ಪೆಟ್ಟಿಗೆಯಿಂದ ಒಂದು ತಟ್ಟೆ ತೆಗೆದು ಅವನ ಕಾಲ ಮುಂದೆ ನೆಲಕ್ಕೆ ಅಪ್ಪಳಿಸಿದಳು. ಇನ್ನೊಂದು. ಮತ್ತೊಂದು. ಅವನು ಬೇಡ ಬೇಡ ಎನ್ನುತ್ತಾ ಹಿಂದೆ ಸರಿದು ಓಡಿದ. ಆಕೆ ಅಳುತ್ತಾ, ಬಟ್ಟಲು ಲೋಟಗಳೆಲ್ಲ ಮುಗಿಯುವವರೆಗೂ ಒಡೆದಳು.

ಇದನ್ನು ಓದಿದವರೆಲ್ಲ ಆ ತಾಯಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ನನ್ನ ತಲೆಯಲ್ಲಿ ಕೂತದ್ದು ಹದಿನೈದು ಹದಿನೇಳೂವರೆ ಆದ ಆ ಕ್ಷಣ. ಎರಡೂವರೆ ಡಾಲರ್ ಏರಿಸಿದಾಗ ಆ ಮನುಷ್ಯನಿಗೆ ತಾನು ಉದಾರಿ ಅನ್ನಿಸಿರಬಹುದು. ಅವನು ಜಪಾನಿಯರನ್ನು ದ್ವೇಷಿಸುತ್ತಿದ್ದನೋ ಇಲ್ಲವೋ, ಅದು ಆ ಹೊತ್ತಿಗೆ ಬೇಕಾಗಿಯೂ ಇರಲಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿಯ ಹತ್ತಿರ "ಇವತ್ತು ಒಬ್ಬಳು ಹುಚ್ಚಿ ಸಿಕ್ಕಿದ್ದಳು" ಎಂದು ಹೇಳಿರುತ್ತಾನೆ.

ಬೆಳೆಯ ಕತೆ ಇನ್ನೊಂದು ಥರ. ಸ್ಯಾಕ್ರಮೆಂಟೊ ಹತ್ತಿರದ ಫ್ಲೋರಿನ್‌ನಲ್ಲಿ ಸ್ಟ್ರಾಬೆರಿ, ದ್ರಾಕ್ಷಿ ಬೆಳೆಯುತ್ತಿದ್ದವರು ಹೆಚ್ಚಾಗಿ ಜಪಾನಿಯರು. ಸ್ಟ್ರಾಬೆರಿ ಕೊಯ್ಲಿಗೆ ಬರುವ ಹೊತ್ತಿಗೇ ಹೊರಡುವ ನೋಟೀಸು. ಕೊನೆಯ ದಿನದವರೆಗೂ ಹೊಲ ನೋಡಿಕೊಳ್ಳಬೇಕು, ಬೆಳೆ ಹಾಳುಗೆಡವಿದರೆ ಅದು ಯುದ್ಧಕ್ಕೆ ಮಾಡಿದ ದ್ರೋಹ ಎಂಬ ಎಚ್ಚರಿಕೆ ಬೇರೆ. ನೀರು ಹಾಯಿಸಿ, ಕಳೆ ತೆಗೆದು, ಹಣ್ಣು ಕೆಂಪಾಗುವುದನ್ನು ನೋಡಿ, ಬೇಲಿ ದಾಟಿ ಹೊರಟುಹೋಗುವುದು. ನಾನು ಹುಟ್ಟಿದ್ದು ಅಡಿಕೆ ತೋಟದ ಮನೆಯಲ್ಲಿ. ಕೊಯ್ಲಿನ ಹಿಂದಿನ ವಾರ ತೋಟ ಬಿಟ್ಟು ಹೋಗು ಎಂದರೆ ಅಪ್ಪ ಏನಾಗುತ್ತಿದ್ದರು ಎಂದು ಊಹಿಸಲೂ ಹೆದರಿಕೆ.

ಪರಕೀಯರಲ್ಲದವರು

ಆ ನೋಟೀಸುಗಳಲ್ಲಿ ಒಂದು ಶಬ್ದ ಇದೆ: 'ನಾನ್-ಏಲಿಯನ್'. ಜಪಾನಿ ಮೂಲದ ಎಲ್ಲರೂ, ಏಲಿಯನ್ ಆಗಿರಲಿ ನಾನ್-ಏಲಿಯನ್ ಆಗಿರಲಿ, ಇಂಥ ದಿನ ಮಧ್ಯಾಹ್ನ ಹನ್ನೆರಡರೊಳಗೆ ಹೊರಡತಕ್ಕದ್ದು. ಪರಕೀಯರಲ್ಲದವರಿಗೆ ನಾಗರಿಕ ಎಂಬ ಸರಳ ಶಬ್ದ ಇತ್ತು. ಅದನ್ನು ಬರೆದರೆ ಕಾಗದವೇ ನಾಚಿಕೊಳ್ಳುತ್ತಿತ್ತೇನೋ, ಸುತ್ತಿ ಬಳಸಿ ಇದನ್ನು ಕಂಡುಹಿಡಿದರು. (ನಾನು ಪ್ರತಿ ವರ್ಷ ತೆರಿಗೆ ಕಾಗದದ ಲೆಕ್ಕಕ್ಕೆ 'ರೆಸಿಡೆಂಟ್ ಏಲಿಯನ್'. ಮಗಳು ಇದನ್ನು ಕೇಳಿ ಹಸಿರು ಬಣ್ಣದ, ಮೂರು ಕಣ್ಣಿನ ಅಪ್ಪನ ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ.)

ಸರ್ಕಾರ ತಪ್ಪು ಮಾಡಿತು, ಸೈನ್ಯ ತಪ್ಪು ಮಾಡಿತು ಎಂದು ಬರೆಯುವುದು ಸುಲಭ. ಬರೆದೂ ಆಗಿದೆ. 1988ರಲ್ಲಿ ರೇಗನ್ ಸಹಿ ಮಾಡಿದ ಕಾನೂನು ಕ್ಷಮೆ ಕೇಳಿ, ಬದುಕಿದ್ದ ಒಬ್ಬೊಬ್ಬರಿಗೆ 20,000 ಡಾಲರ್ ಕೊಟ್ಟಿತು. ಆದರೆ ಈ ಆದೇಶಕ್ಕೆ ನೆಲದಿಂದ ನೀರೆರೆದವರೂ ಇದ್ದರು. ಸಲೀನಾಸ್‌ನ ತರಕಾರಿ ಬೆಳೆಗಾರರ ಸಂಘದ ಮುಖಂಡನೊಬ್ಬ 1942ರಲ್ಲಿ ಪತ್ರಿಕೆಯ ಮುಂದೆ ಯಾವ ಮುಜುಗರವೂ ಇಲ್ಲದೆ ಹೇಳಿದ: ನಾವು ಸ್ವಾರ್ಥಕ್ಕಾಗಿ ಇವರನ್ನು ಓಡಿಸಲು ನೋಡುತ್ತಿದ್ದೇವೆ ಎನ್ನುತ್ತಾರೆ, ಹೌದು, ನಿಜ. ಇನ್ನೊಂದು ಕಡೆ ಹವಾಯಿ ನೋಡಿ. ಬಾಂಬು ಬಿದ್ದದ್ದೇ ಅಲ್ಲಿ. ಜನಸಂಖ್ಯೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜಪಾನಿ ಮೂಲದವರು. ಕೆಲವರನ್ನು ಬಂಧಿಸಿದರಾದರೂ ಸಾರಾಸಗಟಾಗಿ ಎಬ್ಬಿಸಲಿಲ್ಲ. ಅವರನ್ನೆಲ್ಲ ಹೊರಗೆ ಹಾಕಿದರೆ ಕಬ್ಬಿನ ಗದ್ದೆಯಿಂದ ಬಡಗಿ ಕೆಲಸದವರೆಗೆ ಎಲ್ಲವೂ ನಿಲ್ಲುತ್ತಿತ್ತು. ಅಪಾಯ ಎನ್ನುವುದು ಅಗತ್ಯ ಇದ್ದಲ್ಲಿ ಕರಗಿತು, ತೋಟದ ಮೇಲೆ ಕಣ್ಣಿದ್ದಲ್ಲಿ ಗಟ್ಟಿಯಾಯಿತು.

ಇದು ಬೇರೆಯವರ ಕತೆ ಎಂದುಕೊಂಡರೆ, ನಮ್ಮವರದೂ ಒಂದಿದೆ. ವೈಷ್ಣೋ ದಾಸ್ ಬಗಾಯಿ ಪೇಶಾವರದಿಂದ 1915ರಲ್ಲಿ ಹೆಂಡತಿ ಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ಅಂಗಡಿ ಇಟ್ಟು, 1921ರಲ್ಲಿ ಅಮೆರಿಕದ ನಾಗರಿಕನಾದವನು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ನಾಗರಿಕರಾಗಲಾರರು ಎಂದಿತು. ಬಗಾಯಿಯ ನಾಗರಿಕತ್ವ ಹೋಯಿತು. ಜಪಾನಿಯರಿಗೆ ನೆಲ ಕೊಳ್ಳಲು ಬಿಡದ ಅದೇ ಕ್ಯಾಲಿಫೋರ್ನಿಯಾದ ಕಾನೂನು ಈಗ ಅವನನ್ನೂ ಹಿಡಿಯಿತು, ಅಂಗಡಿ ಮಾರಬೇಕಾಯಿತು. 1928ರಲ್ಲಿ ಸ್ಯಾನ್ ಹೊಸೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಕಾರಣ ವಿವರಿಸಿ ಪತ್ರ ಬರೆದಿಟ್ಟು, ಜೀವ ತೆಗೆದುಕೊಂಡ. ನಾವು ಶನಿವಾರ ದೋಸೆ ತಿನ್ನಲು ಹೋಗುವ ಊರು ಅದು.

ಅದೇ ಊರಿನ ವಿಮಾನ ನಿಲ್ದಾಣಕ್ಕೆ ನಾರ್ಮನ್ ಮಿನೇಟಾ ಹೆಸರಿದೆ. ಎಷ್ಟೋ ಸಲ ಅಪ್ಪ ಅಮ್ಮನನ್ನು ಕರೆತರಲು ಅಲ್ಲಿ ನಿಂತಿದ್ದೇನೆ, ಯಾರಿವರು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. 1942ರಲ್ಲಿ ಹತ್ತು ವರ್ಷದ ಹುಡುಗ, ಸ್ಯಾನ್ ಹೊಸೆಯಲ್ಲಿ ರೈಲು ಹತ್ತುವಾಗ ಕೈಯಲ್ಲಿ ಬೇಸ್‌ಬಾಲ್ ಬ್ಯಾಟು ಹಿಡಿದಿದ್ದ. ಆಯುಧವಾದೀತು ಎಂದು ಸೈನಿಕರು ಕಿತ್ತುಕೊಂಡರು. ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರದಲ್ಲಿ ಬೆಳೆದು, ವಾಪಸ್ಸು ಬಂದು, 1971ರಲ್ಲಿ ಅದೇ ಸ್ಯಾನ್ ಹೊಸೆಗೆ ಮೇಯರ್ ಆದರು. ಆಮೇಲೆ ಸಂಸತ್ತಿಗೆ ಹೋಗಿ 1988ರ ಕ್ಷಮಾಪಣೆಯ ಕಾನೂನಿಗಾಗಿ ಹೋರಾಡಿದರು. ಈ ಕತೆ ಕೇಳಿದ ಯಾರೋ ಒಬ್ಬರು ಅವರಿಗೆ ಭಾರೀ ಬೆಲೆಯ ಬ್ಯಾಟೊಂದನ್ನು ಕಳಿಸಿದರು. ಸಂಸದರು ಅಷ್ಟು ದುಬಾರಿ ಉಡುಗೊರೆ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಹಿಂದಿರುಗಿಸಬೇಕಾಯಿತು. ಸರ್ಕಾರ ಮತ್ತೊಮ್ಮೆ ನನ್ನ ಬ್ಯಾಟು ಕಿತ್ತುಕೊಂಡಿತು ಎಂದು ನಕ್ಕರಂತೆ.

ಕೊಳ್ಳದೆ ಇದ್ದವನು

ಬಾಬ್ ಫ್ಲೆಚರ್ ಎಂಬಾತ ಫ್ಲೋರಿನ್ ಕಡೆ ಸರ್ಕಾರದ ಕೃಷಿ ಇನ್ಸ್‌ಪೆಕ್ಟರ್ ಆಗಿದ್ದ. ಮೂವತ್ತರ ಆಸುಪಾಸಿನ ವಯಸ್ಸು. ಮೂರು ಜಪಾನಿ ಕುಟುಂಬಗಳು, ನಮ್ಮ ತೋಟ ನೋಡಿಕೋ, ಸಾಲ ತೆರಿಗೆ ಕಟ್ಟಿ ಮಿಕ್ಕದ್ದನ್ನು ನೀನೇ ಇಟ್ಟುಕೋ ಎಂದು ಕೇಳಿದವು. ಅವನಿಗೆ ದ್ರಾಕ್ಷಿ ಬೆಳೆದು ಗೊತ್ತಿರಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ತೊಂಬತ್ತು ಎಕರೆ ದುಡಿದ, ದಿನಕ್ಕೆ ಹದಿನೆಂಟು ಗಂಟೆ. ಲಾಭದಲ್ಲಿ ತೆಗೆದುಕೊಂಡದ್ದು ಅರ್ಧ ಮಾತ್ರ, ಮಿಕ್ಕದ್ದನ್ನು ಅವರಿಗೆಂದು ಎತ್ತಿಟ್ಟ. ಮನೆ ಖಾಲಿ ಬಿದ್ದಿದ್ದರೂ ಒಳಗೆ ಮಲಗದೆ ಕೂಲಿಯಾಳುಗಳ ಕೋಣೆಯಲ್ಲಿ ಮಲಗಿದ. ಊರಿನವರು ಬೈದರು, ಯಾರೋ ಕೊಟ್ಟಿಗೆಯ ಕಡೆ ಗುಂಡು ಹಾರಿಸಿದರು. 1945ರಲ್ಲಿ ಆ ಕುಟುಂಬಗಳು ವಾಪಸ್ಸು ಬಂದಾಗ ತೋಟ ಇತ್ತು, ಬ್ಯಾಂಕಿನಲ್ಲಿ ದುಡ್ಡಿತ್ತು, ಫ್ಲೆಚರನ ಹೆಂಡತಿ ಮನೆ ಗುಡಿಸಿ ಒರೆಸಿ ಇಟ್ಟಿದ್ದಳು. 2013ರಲ್ಲಿ, 101ನೇ ವಯಸ್ಸಿನಲ್ಲಿ ಆತ ತೀರಿಕೊಂಡ.

ಇಂಥವರ ಕತೆ ಓದುವುದು ಹಿತ. ಓದುವಾಗ ನಾವೆಲ್ಲ ಫ್ಲೆಚರ್‌ಗಳೇ ಆಗಿರುತ್ತೇವೆ. ಆದರೆ ಲೆಕ್ಕ ಹಾಕಿದರೆ ನಾನು ಹದಿನೇಳೂವರೆಯ ಸಾಲಿನವನು. ಅಲ್ಲ, ಕೆಲಸ ಹೋಗಿ ವಿಮಾನ ಹತ್ತುವುದಕ್ಕೂ ಬಂದೂಕಿನ ಕಾವಲಲ್ಲಿ ರೈಲು ಹತ್ತುವುದಕ್ಕೂ ಅಜಗಜಾಂತರ ಇದೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಹುಡುಗನಿಗೆ ಹಿಂದಿರುಗಲು ಊರಿತ್ತು, ಬೆಂಗಳೂರಿನಲ್ಲಿ ಕೆಲಸವೂ ಸಿಕ್ಕಿತು. ನನ್ನನ್ನು ಕುಟುಕುವುದು ಟೇಬಲ್ಲಿನ ಈಚೆ ಬದಿ ಮಾತ್ರ. ಎದುರಿಗಿರುವವನ ಕ್ಯಾಲೆಂಡರು ನನಗೆ ಗೊತ್ತಿತ್ತು. ಗೊತ್ತಿದ್ದೇ ಐವತ್ತು ಇಳಿಸಿದೆ.

ನಮ್ಮೂರು ಸಾಗರದ ಕಡೆ. ಮನೆಯ ಬಚ್ಚಲಲ್ಲಿ ಒಂದು ದೊಡ್ಡ ತಾಮ್ರದ ಹಂಡೆ ಇತ್ತು, ಅಜ್ಜಿ ಅದನ್ನು 'ಮುಳುಗಡೆ ಹಂಡೆ' ಎನ್ನುತ್ತಿದ್ದರು. ನೀರಲ್ಲಿ ಮುಳುಗಿಸುವುದಕ್ಕೆ ಹಾಗೆ ಹೆಸರು ಎಂದು ನಾನು ತುಂಬ ದಿನ ನಂಬಿದ್ದೆ. ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಬಿಟ್ಟು ಹೊರಟವರಿಂದ ಅಜ್ಜ ಕೊಂಡದ್ದಂತೆ. ಎಷ್ಟಕ್ಕೆ ಎಂದು ಯಾರೂ ಹೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ದಿನಾ ಅದರಲ್ಲಿ ಕಾದ ನೀರು ಮಿಂದು ಶಾಲೆಗೆ ಹೋಗಿದ್ದೇನೆ.

ಸಿಯಾಟಲ್‌ನ ಪನಾಮಾ ಹೋಟೆಲಿನ ನೆಲಮಾಳಿಗೆಯಲ್ಲಿ 1942ರಲ್ಲಿ ಜಪಾನಿ ಕುಟುಂಬಗಳು ಇಟ್ಟುಹೋದ ಟ್ರಂಕುಗಳಲ್ಲಿ ಕೆಲವು ಇನ್ನೂ ಹಾಗೇ ಇವೆ. ಕೆಲವರು ಬಂದು ಒಯ್ದರು, ಕೆಲವರು ಬರಲೇ ಇಲ್ಲ. ಮೇಲೆ ಚಹಾದಂಗಡಿಯಲ್ಲಿ ಕೂತವರು ನೆಲಕ್ಕೆ ಹಾಕಿದ ಗಾಜಿನ ಮೂಲಕ ಅವನ್ನು ನೋಡಬಹುದು. ಈ ಬೇಸಿಗೆಯಲ್ಲಿ ಹೋಗಿಬರೋಣ ಎಂದು ಮಗಳು ಈಗಲೇ ಕೇಳುತ್ತಿದ್ದಾಳೆ.

ಹೋದ ತಿಂಗಳು ತಡೆಯಲಾರದೆ ಆ ದಾವಣಗೆರೆ ಹುಡುಗನಿಗೆ ಫೋನ್ ಮಾಡಿದೆ. ಯೋಗಕ್ಷೇಮ, ಟ್ರಾಫಿಕ್ಕು, ಮಗುವಿನ ಶಾಲೆ ಎಲ್ಲ ಆಗಿ, ಕೊನೆಗೆ ಹೇಗೋ ವಿಷಯಕ್ಕೆ ಬಂದೆ. ಆವತ್ತು ಟೇಬಲ್ಲಿಗೆ ಇನ್ನೂ ಐವತ್ತು ಕೊಡಬೇಕಿತ್ತು ಕಣೋ, ನನ್ನ ತಲೆಯಲ್ಲಿ ಅದೇ ಕೊರೀತಿದೆ, ಈಗ ಕಳಿಸ್ತೀನಿ ಅಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಜೋರಾಗಿ ನಕ್ಕ.

"ಅಯ್ಯೋ ಬಿಡಿ ಸರ್. ಅಂಗಡೀಲಿ ಒಂಬೈನೂರು ಅಂದೆನೇ ಹೊರತು ನಾನು ಅಂಗಡೀಲಿ ತಗೊಂಡೆ ಅಂದ್ನಾ? ನಾನೂ ಮೂವಿಂಗ್ ಸೇಲಲ್ಲೇ ತಗೊಂಡಿದ್ದು. ಎಂಬತ್ತು ಡಾಲರಿಗೆ."

"ಯಾರ ಹತ್ರ?"

"ಹೆಸರು ನೆನಪಿಲ್ಲ ಸರ್. ತಮಿಳಿನವರಿರ್ಬೇಕು. ಅವರೂ ಏನೋ ಗಡಿಬಿಡಿಯಲ್ಲಿದ್ರು."